ಸಣ್ಣ ದೋಣಿಗೆ ದಿಕ್ಸೂಚಿ: ಮೊದಲು ಜಾಗ, ಆಮೇಲೆ ಕಂಪಾಸ್



ದ್ವಿತೀಯ ಪಿಯುಸಿ ಭೌತಶಾಸ್ತ್ರದ ಪುಸ್ತಕದಲ್ಲಿ ಕಾಂತತ್ವದ ಅಧ್ಯಾಯ ಈಗ ತೆಳ್ಳಗಾಗಿದೆ. ಭೂಮಿಯ ಕಾಂತಕ್ಷೇತ್ರದ ಭಾಗವನ್ನು ಪಠ್ಯದಿಂದ ಕೈಬಿಟ್ಟಿದ್ದಾರೆ. ಪರೀಕ್ಷೆಗೆ ಬಾರದ ಪಾಠವನ್ನು ಯಾರು ಕೇಳುತ್ತಾರೆ ಎಂದು ನಾನೂ ಅದನ್ನು ಎರಡೇ ಮಾತಿನಲ್ಲಿ ಮುಗಿಸಿ ಮುಂದೆ ಹೋಗುತ್ತೇನೆ. ಈ ಸಲ ಹಾಗಾಗಲಿಲ್ಲ. ಕಸಬಾ ಬೆಂಗ್ರೆ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬ ತರಗತಿ ಮುಗಿದ ಮೇಲೆ ಬಂದು, "ಸರ್, ನನ್ನ ಮಾಮನ ದೋಣಿಗೆ ಕಂಪಾಸ್ ಹಾಕಬೇಕಂತೆ. ಯಾವುದು ತೆಗೆದುಕೊಳ್ಳಬೇಕು, ಎಲ್ಲಿ ಕೂರಿಸಬೇಕು?" ಎಂದು ಕೇಳಿದ. ಯಾವುದು ಎಂಬುದಕ್ಕಿಂತ ಎಲ್ಲಿ ಎಂಬುದೇ ದೊಡ್ಡ ಪ್ರಶ್ನೆ ಎಂದು ಅವನಿಗೆ ಹೇಳಿದೆ. ಆ ಉತ್ತರವನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಮಾಮನ ದೋಣಿ ಗಿಲ್‌ನೆಟ್ ಬಲೆ ಬಿಡುವ ಫೈಬರ್ ದೋಣಿ. ಹಿಂದಿನ ತುದಿಯಲ್ಲಿ ಹತ್ತು ಅಶ್ವಶಕ್ತಿಯ ಒಳಗಿನ ಔಟ್‌ಬೋರ್ಡ್ ಎಂಜಿನ್. ಅದರ ಹಿಡಿಯನ್ನು ಕೈಯಲ್ಲಿ ಹಿಡಿದು, ಅಲ್ಲೇ ಪಕ್ಕದಲ್ಲಿ ಕುಳಿತು ದೋಣಿ ನಡೆಸುತ್ತಾರೆ. ಕ್ಯಾಬಿನ್ ಇಲ್ಲ, ಮಾಡು ಇಲ್ಲ. ಫೋನಿನಲ್ಲಿ ಜಿಪಿಎಸ್ ಉಂಟು, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಳ್ಳುತ್ತಾರೆ. ಮಾಮನಿಗೆ ಕಂಪಾಸಿನ ಬಗ್ಗೆ ಅಂಥ ಉತ್ಸಾಹವೇನೂ ಇರಲಿಲ್ಲ, ಒತ್ತಾಯ ಇದ್ದದ್ದು ಮನೆಯವರದು. "ಪೂರ್ವಕ್ಕೆ ಬಿಟ್ಟರೆ ನೆಲ ಸಿಗ್ತದೆ ಮಾಷ್ಟ್ರೇ. ನೆಲ ಎಲ್ಲಿಗೆ ಓಡಿ ಹೋಗ್ತದೆ?" ಎಂದರು.

ಮಾತು ಸುಳ್ಳಲ್ಲ. ನಮ್ಮ ಕರಾವಳಿ ಹೆಚ್ಚುಕಡಿಮೆ ಉತ್ತರ-ದಕ್ಷಿಣಕ್ಕೆ ಚಾಚಿಕೊಂಡಿದೆ. ಪಶ್ಚಿಮಕ್ಕೆ ಹೋದವನು ಪೂರ್ವಕ್ಕೆ ತಿರುಗಿದರೆ ನೆಲ ಮುಟ್ಟುತ್ತಾನೆ. ಆಕಾಶ ತಿಳಿಯಾಗಿದ್ದರೆ ಕುದುರೆಮುಖದ ಸಾಲು ಕಡಲಿನಿಂದಲೇ ಕಾಣುತ್ತದೆ. ರಾತ್ರಿಯಾದರೆ ನಕ್ಷತ್ರ, ಊರಿನ ದೀಪ. ಇವೆಲ್ಲ ಮಾಮನಿಗೆ ನನಗಿಂತ ನೂರು ಪಾಲು ಚೆನ್ನಾಗಿ ಗೊತ್ತು. ಆದರೆ ಅವರಿಗೆ ಬೇಕಾದದ್ದು ಬರೀ ನೆಲವಲ್ಲ, ಅಳಿವೆ ಬಾಗಿಲು. ನೇತ್ರಾವತಿ, ಗುರುಪುರ ಎರಡೂ ನದಿಗಳು ಕಡಲು ಸೇರುವ ಆ ಕಿರಿದಾದ ಬಾಯಿ. ಅದರ ದಕ್ಷಿಣಕ್ಕೆ ಉಳ್ಳಾಲದ ದಡ. ಅಲ್ಲಿ ಕಡಲ್ಕೊರೆತ ತಡೆಯಲು ಹಾಕಿದ ಕಲ್ಲುಗಳ ಮೇಲೆ ಅಲೆ ಒಡೆಯುತ್ತಿರುತ್ತದೆ. ಇನ್ನೂ ಕೆಳಗೆ ಸೋಮೇಶ್ವರದ ಬಂಡೆಗಳು. ಉತ್ತರಕ್ಕೆ ಹೋದರೆ ಪಣಂಬೂರಿನ ಬಂದರು, ದೊಡ್ಡ ಹಡಗುಗಳ ದಾರಿ. ಆಗಸ್ಟ್-ಸೆಪ್ಟೆಂಬರಿನ ಒಂದು ಮಳೆಗೆ ಸುತ್ತ ನಾಲ್ಕು ಮಾರು ದೂರವೂ ಕಾಣದಂತಾದಾಗ, ಒದ್ದೆಯಾದ ಫೋನ್ ಬೆರಳಿನ ಮಾತು ಕೇಳದಿದ್ದಾಗ, 'ಪೂರ್ವ' ಎಂದರೆ ಯಾವ ಕಡೆ ಎಂಬುದೇ ಪ್ರಶ್ನೆಯಾಗುತ್ತದೆ.

ಜಿಪಿಎಸ್ ಬಗ್ಗೆಯೂ ಒಂದು ಮಾತು. ಅದು ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ. ಯಾವ ಕಡೆಗೆ ಮುಖ ಮಾಡಿದ್ದೀರಿ ಎಂದು ಅದಕ್ಕೆ ಗೊತ್ತಾಗಬೇಕಾದರೆ ದೋಣಿ ಓಡುತ್ತಿರಬೇಕು. ಬಲೆ ಬಿಟ್ಟು ಸುಮ್ಮನೆ ತೇಲುತ್ತಿರುವ ದೋಣಿಯ ಮೂತಿ ಯಾವ ದಿಕ್ಕಿಗಿದೆ ಎಂಬುದನ್ನು ಉಪಗ್ರಹ ಹೇಳಲಾರದು. ಫೋನಿನೊಳಗೆ ದಿಕ್ಕು ತೋರಿಸುವ ಆ್ಯಪ್ ಇದೆಯಲ್ಲ ಎನ್ನಬಹುದು. ಅದೂ ಒಳಗಿರುವ ಸಣ್ಣ ಕಾಂತಸಂವೇದಕದಿಂದ ಭೂಮಿಯ ಕ್ಷೇತ್ರವನ್ನೇ ಅಳೆಯುತ್ತದೆ. ಸುತ್ತಲಿನ ಕಬ್ಬಿಣಕ್ಕೆ ಅದೂ ಮೋಸ ಹೋಗುತ್ತದೆ, ಬ್ಯಾಟರಿ ಮುಗಿದರೆ ಅದೂ ಮುಗಿಯಿತು.

ಈಗ ಭೌತಶಾಸ್ತ್ರಕ್ಕೆ ಬರೋಣ. ದಿಕ್ಸೂಚಿಯ ಸೂಜಿ ಉತ್ತರವನ್ನು ತೋರಿಸುತ್ತದೆ ಎಂದು ಪ್ರಾಥಮಿಕ ಶಾಲೆಯಿಂದಲೇ ಕಲಿತಿದ್ದೇವೆ. ಸರಿಯಾಗಿ ಹೇಳಬೇಕೆಂದರೆ ಸೂಜಿಗೆ ಉತ್ತರ ಗೊತ್ತಿಲ್ಲ. ತಾನಿರುವ ಜಾಗದಲ್ಲಿ ಒಟ್ಟು ಕಾಂತಕ್ಷೇತ್ರ ಯಾವ ಕಡೆಗಿದೆಯೋ ಆ ಕಡೆ ಅದು ತಿರುಗುತ್ತದೆ. ಆ ಒಟ್ಟು ಮೊತ್ತದಲ್ಲಿ ಭೂಮಿಯ ಪಾಲೂ ಇದೆ, ಪಕ್ಕದಲ್ಲಿಟ್ಟ ಮೀನು ಕೊಯ್ಯುವ ಕತ್ತಿಯ ಪಾಲೂ ಇದೆ. ಸೂಜಿಗೆ ಎರಡೂ ಒಂದೇ.

ಭೂಮಿಯ ಪಾಲು ಎಷ್ಟು? ನಮ್ಮ ಕರಾವಳಿಯಲ್ಲಿ ಭೂಕಾಂತ ಕ್ಷೇತ್ರದ ಸಮತಲ ಘಟಕ ಸುಮಾರು 40 ಮೈಕ್ರೋಟೆಸ್ಲಾ. ಇದು ನಮ್ಮ ಅದೃಷ್ಟ. ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುವುದರಿಂದ ಇಲ್ಲಿ ಕ್ಷೇತ್ರವು ಹೆಚ್ಚುಕಡಿಮೆ ನೆಲಕ್ಕೆ ಸಮಾಂತರವಾಗಿ ಮಲಗಿರುತ್ತದೆ. ಇಂಗ್ಲೆಂಡಿನಲ್ಲಿ ಅದೇ ಸಮತಲ ಘಟಕ ಇದರ ಅರ್ಧದಷ್ಟು ಮಾತ್ರ, ಉಳಿದದ್ದೆಲ್ಲ ನೆಲದೊಳಕ್ಕೆ ಇಳಿಯುತ್ತದೆ. ಹಾಗಾಗಿ ಅದೇ ಕತ್ತಿ ಅಲ್ಲಿ ಸೂಜಿಯನ್ನು ಎಷ್ಟು ತಿರುಗಿಸುತ್ತದೋ ಇಲ್ಲಿ ಅದರ ಅರ್ಧದಷ್ಟೇ ತಿರುಗಿಸುತ್ತದೆ. ಇನ್ನೊಂದು ಅನುಕೂಲ, ಕಾಂತೀಯ ಉತ್ತರಕ್ಕೂ ಭೌಗೋಳಿಕ ಉತ್ತರಕ್ಕೂ ಇರುವ ವ್ಯತ್ಯಾಸ, ಅಂದರೆ ಡಿಕ್ಲಿನೇಷನ್, ಇಲ್ಲಿ ಎರಡು ಡಿಗ್ರಿಗಿಂತ ಕಡಿಮೆ. ಅಲೆಯ ಮೇಲೆ ಕುಣಿಯುವ ದೋಣಿಯನ್ನು ಯಾರೂ ಎರಡು ಡಿಗ್ರಿ ನಿಖರವಾಗಿ ನಡೆಸಲಾರರು. ಅದನ್ನು ಮರೆತುಬಿಡಬಹುದು.

ಮರೆಯಬಾರದ್ದು ದೋಣಿಯದೇ ಕಬ್ಬಿಣ ಮತ್ತು ತಂತಿಗಳಿಂದ ಬರುವ ವ್ಯತ್ಯಾಸ. ಇದನ್ನು ಡೀವಿಯೇಷನ್ ಎನ್ನುತ್ತಾರೆ, ನಾನು ವಿಚಲನೆ ಎನ್ನುತ್ತೇನೆ. ನೀವು ಕಲಿತ ಟ್ಯಾಂಜೆಂಟ್ ನಿಯಮ ಇಲ್ಲಿ ಹಾಗೇ ಕೆಲಸಕ್ಕೆ ಬರುತ್ತದೆ. ಭೂಕ್ಷೇತ್ರಕ್ಕೆ ಲಂಬವಾಗಿ ಇನ್ನೊಂದು ಕ್ಷೇತ್ರ ಬಂದರೆ, ಸೂಜಿ ತಿರುಗುವ ಕೋನದ ಟ್ಯಾಂಜೆಂಟ್ ಆ ಎರಡು ಕ್ಷೇತ್ರಗಳ ಅನುಪಾತಕ್ಕೆ ಸಮ. ದೋಣಿಯಲ್ಲಿ ಬ್ಯಾಟರಿಯಿಂದ ದೀಪಕ್ಕೋ ನೀರು ಹೊರಹಾಕುವ ಪಂಪಿಗೋ 5 ಆಂಪಿಯರ್ ಒಯ್ಯುವ ಒಂದು ತಂತಿ ದಿಕ್ಸೂಚಿಯಿಂದ 10 ಸೆಂಟಿಮೀಟರ್ ದೂರದಲ್ಲಿ ಹಾದುಹೋಗಿದೆ ಎಂದುಕೊಳ್ಳಿ. ನೇರ ತಂತಿಯ ಸೂತ್ರ ಹಾಕಿದರೆ ಅಲ್ಲಿ ಅದರ ಕ್ಷೇತ್ರ 10 ಮೈಕ್ರೋಟೆಸ್ಲಾ. 10 ಭಾಗಿಸು 40, ಅಂದರೆ 0.25. ಕೋನ 14 ಡಿಗ್ರಿ! ದೋಣಿಯ ಮುಖ ಕೆಟ್ಟ ದಿಕ್ಕಿಗಿದ್ದಾಗ ಆಗುವ ಗರಿಷ್ಠ ಇದು. ಆದರೂ 12 ನಾಟಿಕಲ್ ಮೈಲಿ ದೂರದಿಂದ ವಾಪಸು ಬರುವವನನ್ನು ಇದು 3 ನಾಟಿಕಲ್ ಮೈಲಿ, ಅಂದರೆ ಐದೂವರೆ ಕಿಲೋಮೀಟರ್ ಅತ್ತ ಒಯ್ಯುತ್ತದೆ. ದೀಪ ಆರಿಸಿದರೆ ದಿಕ್ಸೂಚಿ ಸರಿ, ಹಾಕಿದರೆ ತಪ್ಪು. ದೀಪ ಹಾಕುವುದು ಕತ್ತಲಲ್ಲೇ ಎಂಬುದನ್ನು ನೆನಪಿಡಿ.

ಇದಕ್ಕೆ ಪರಿಹಾರ ಸುಲಭ. ಹೋಗುವ ತಂತಿ, ಬರುವ ತಂತಿ ಎರಡನ್ನೂ ಹಗ್ಗ ಹೊಸೆದಂತೆ ಒಟ್ಟಿಗೆ ಹೊಸೆದುಬಿಟ್ಟರೆ ಎರಡರ ಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಮಾಮನ ದೋಣಿಯಲ್ಲಿ ಕೆಂಪು ತಂತಿ ಎಡಬದಿಯಲ್ಲಿ, ಕಪ್ಪು ತಂತಿ ಬಲಬದಿಯಲ್ಲಿ ಹೋಗಿತ್ತು. ನೋಡಲು ಅಚ್ಚುಕಟ್ಟು, ದಿಕ್ಸೂಚಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಹುಡುಗರು ಅರ್ಧ ಗಂಟೆಯಲ್ಲಿ ಅದನ್ನು ಬಿಚ್ಚಿ ಹೊಸೆದರು.

ಇನ್ನು ಎಂಜಿನ್. ಇದೇ ನಿಜವಾದ ಸಮಸ್ಯೆ. ಔಟ್‌ಬೋರ್ಡ್ ಎಂಜಿನ್ನಿನಲ್ಲಿ ಉಕ್ಕಿನ ಭಾಗಗಳಿವೆ, ಅದರ ಫ್ಲೈವೀಲಿನ ಒಳಗೆ ಕಿಡಿ ಹುಟ್ಟಿಸುವ ಮ್ಯಾಗ್ನೆಟೋದ ಶಾಶ್ವತ ಕಾಂತಗಳೇ ಇವೆ. ದೋಣಿ ನಡೆಸುವವನು ಕೂರುವುದು ಅದರ ಮಗ್ಗುಲಲ್ಲಿ. ದಿಕ್ಸೂಚಿ ಅವನ ಕಣ್ಣ ಮುಂದಿರಬೇಕು, ಎಂಜಿನ್ನಿನಿಂದ ದೂರವೂ ಇರಬೇಕು. ಮಾಮ ತೋರಿಸಿದ ಜಾಗ ಎಂಜಿನ್ನಿನಿಂದ ಸುಮಾರು 60 ಸೆಂಟಿಮೀಟರ್ ಮುಂದಿನ ಹಲಗೆ. "ಇಲ್ಲಿ ಆದ್ರೆ ಬಗ್ಗಿ ನೋಡ್ಲಿಕ್ಕೆ ಆಗ್ತದೆ," ಎಂದರು.

ಅಲ್ಲಿ ಕೂರಿಸಬಹುದೇ ಎಂದು ತಿಳಿಯಲು ದುಬಾರಿ ಸಾಧನ ಬೇಕಿಲ್ಲ. ಶುಕ್ರವಾರ ಅವರ ದೋಣಿ ಕಡಲಿಗೆ ಇಳಿಯುವುದಿಲ್ಲ. ಜುಮಾ ನಮಾಝ್ ಮುಗಿದ ಮೇಲೆ ನಾವು ಆರು ಮಂದಿ ಬೆಂಗ್ರೆಗೆ ಹೋದೆವು. ದೋಣಿಯನ್ನು ಮರಳಿನ ಮೇಲೆ ಎಳೆದಿಟ್ಟಿದ್ದರು, ಮೂತಿ ಕಡಲಿಗೆ, ಅಂದರೆ ಪಶ್ಚಿಮಕ್ಕೆ. ಮುಂದಿನ ಮೂತಿಯಿಂದ ಹಿಂದಿನ ಹಲಗೆಯ ನಡುವಿನವರೆಗೆ ಒಂದು ನೂಲು ಬಿಗಿದು ಕಟ್ಟಿದೆವು. ನೂಲಿನ ಗುಂಟ ಒಂದು ಕೈದಿಕ್ಸೂಚಿಯನ್ನು ಎಂಜಿನ್ನಿನ ಕಡೆಯಿಂದ ಮುಂದಕ್ಕೆ ಸ್ವಲ್ಪಸ್ವಲ್ಪವೇ ಸರಿಸುತ್ತ, ನೂಲಿನ ದಿಕ್ಕನ್ನು ಓದುತ್ತ ಹೋದೆವು. ನೂಲು ನೇರವಾಗಿದೆ, ದೋಣಿ ಅಲ್ಲಾಡುತ್ತಿಲ್ಲ. ಹಾಗಾದರೆ ಎಲ್ಲೆಡೆ ಒಂದೇ ಸಂಖ್ಯೆ ಬರಬೇಕು. ಬರಲಿಲ್ಲ. ದೋಣಿಯ ನಡುಭಾಗದಲ್ಲಿ ಸಂಖ್ಯೆ ಸ್ಥಿರವಾಗಿತ್ತು. 120 ಸೆಂಟಿಮೀಟರಿಗೆ ಬಂದಾಗ ಒಂದು ಡಿಗ್ರಿಯ ವ್ಯತ್ಯಾಸ, 60 ಸೆಂಟಿಮೀಟರಿನಲ್ಲಿ ಆರು ಡಿಗ್ರಿ, ಅದಕ್ಕಿಂತ ಹತ್ತಿರ ಹೋದರೆ ಸೂಜಿಗೆ ಹುಚ್ಚೇ ಹಿಡಿಯಿತು.

ದ್ವಿಧ್ರುವಿ ಕಾಂತದ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂದು ಓದಿದ್ದೀರಿ. ದೂರ ಇಮ್ಮಡಿಯಾದರೆ ಪ್ರಭಾವ ಎಂಟನೇ ಒಂದಾಗಬೇಕು. ಇಲ್ಲಿ ಆರನೇ ಒಂದಕ್ಕೆ ಇಳಿದಿತ್ತು. ಎಂಜಿನ್ ಬಿಂದುವಲ್ಲ, ನಮ್ಮ ಕೈದಿಕ್ಸೂಚಿಯಲ್ಲಿ ಒಂದು ಡಿಗ್ರಿಗಿಂತ ಸೂಕ್ಷ್ಮವಾಗಿ ಓದಲೂ ಆಗುವುದಿಲ್ಲ. ಸೂತ್ರ ಇಷ್ಟು ಹತ್ತಿರಕ್ಕೆ ಬಂದದ್ದೇ ನನಗೆ ಸಂತೋಷ. ಸಾಮಾನು ಎಷ್ಟು ದೂರ ಇಡಬೇಕು ಎಂದು ಯೋಚಿಸುವಾಗ ಈ ಘನದ ನಿಯಮವನ್ನು ಮನಸ್ಸಿನಲ್ಲಿಡಿ. ಒಂದು ಗೇಣು ಸರಿಸಿದರೂ ಬಹಳ ಲಾಭ.

ಇಲ್ಲೇ ಒಬ್ಬಳು ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಇಡೀ ಪಾಠದ ತಿರುಳಾಯಿತು. "ಸರ್, ದೋಣಿಯನ್ನು ನದಿಯಲ್ಲಿ ಕಟ್ಟಿದಾಗ ನೋಡಿದರೂ ಆರು ಡಿಗ್ರಿಯೇ ಬರುತ್ತದಾ?"

ಬರುವುದಿಲ್ಲ. ಬೆಂಗ್ರೆಯ ಭೂಗೋಳ ಗೊತ್ತಿದ್ದವರು ಗಮನಿಸಿ. ಗುರುಪುರ ನದಿ ಕೊನೆಯಲ್ಲಿ ಕಡಲಿಗೆ ಸಮಾಂತರವಾಗಿ ದಕ್ಷಿಣಕ್ಕೆ ಹರಿಯುತ್ತದೆ. ಒಂದು ಬದಿ ಬೆಂಗ್ರೆ, ಇನ್ನೊಂದು ಬದಿ ಮಂಗಳೂರಿನ ದಕ್ಕೆ. ಅಲ್ಲಿ ದಡದ ಗುಂಟ ಕಟ್ಟಿದ ದೋಣಿಯ ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇರುತ್ತದೆ. ಎಂಜಿನ್ ದಿಕ್ಸೂಚಿಯ ನೇರ ಹಿಂದೆ ಇದೆ. ದೋಣಿ ಉತ್ತರಕ್ಕೆ ಮುಖ ಮಾಡಿದಾಗ ಎಂಜಿನ್ನಿನ ಎಳೆತವೂ ಉತ್ತರ-ದಕ್ಷಿಣ ರೇಖೆಯಲ್ಲೇ ಇರುತ್ತದೆ. ಅದು ಭೂಕ್ಷೇತ್ರಕ್ಕೆ ಸ್ವಲ್ಪ ಬಲ ಕೂಡಿಸುತ್ತದೆ ಇಲ್ಲವೇ ಕಳೆಯುತ್ತದೆ, ಸೂಜಿಯನ್ನು ಪಕ್ಕಕ್ಕೆ ತಿರುಗಿಸುವುದಿಲ್ಲ. ದಿಕ್ಸೂಚಿ ಸರಿಯಾಗಿಯೇ ಇದೆ ಎನಿಸುತ್ತದೆ. ಅದೇ ದೋಣಿ ಅಳಿವೆ ದಾಟಿ ಪಶ್ಚಿಮಕ್ಕೆ ಮುಖ ಮಾಡಿದೊಡನೆ ಎಂಜಿನ್ನಿನ ಎಳೆತ ಭೂಕ್ಷೇತ್ರಕ್ಕೆ ಲಂಬವಾಗುತ್ತದೆ, ವಿಚಲನೆ ಗರಿಷ್ಠವಾಗುತ್ತದೆ. ನಮ್ಮ ಮೀನುಗಾರರು ಹೋಗುವುದು ಪಶ್ಚಿಮಕ್ಕೆ, ಬರುವುದು ಪೂರ್ವಕ್ಕೆ. ದಕ್ಕೆಯಲ್ಲಿ ಪರೀಕ್ಷೆ ಮಾಡಿದರೆ ಕಾಣದೇ ಇರುವ ತಪ್ಪು ಕಡಲಲ್ಲಿ ಪೂರ್ತಿಯಾಗಿ ಎದುರಾಗುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪಶ್ಚಿಮಕ್ಕೆ ಹೋಗುವಾಗ ತಪ್ಪಿದರೆ ವಾಪಸು ಬರುವಾಗ ಅದೇ ತಪ್ಪು ಉಲ್ಟಾ ಆಗಿ ಸರಿಹೋಗುತ್ತದೆ ಎಂದು ಅನಿಸುವುದು ಸಹಜ. ಲೆಕ್ಕ ಹಾಕಿ ನೋಡಿ. ದೋಣಿ ಪೂರ್ತಿ ತಿರುಗಿದಾಗ ಎಂಜಿನ್ನೂ ದಿಕ್ಸೂಚಿಯ ಇನ್ನೊಂದು ಬದಿಗೆ ಹೋಯಿತು. ಆದ್ದರಿಂದ ವಿಚಲನೆಯ ಚಿಹ್ನೆಯೂ ಬದಲಾಗುತ್ತದೆ. ಪಶ್ಚಿಮಕ್ಕೆ ಹೋಗುವಾಗ ಸೂಜಿ 6 ಡಿಗ್ರಿ ಪಶ್ಚಿಮಕ್ಕೆ ವಾಲಿದ್ದರೆ, ದಿಕ್ಸೂಚಿಯಲ್ಲಿ 270 ಕಂಡಾಗ ದೋಣಿ ನಿಜವಾಗಿ ಹೋಗುತ್ತಿರುವುದು 264ಕ್ಕೆ, ಅಂದರೆ ಸ್ವಲ್ಪ ದಕ್ಷಿಣಕ್ಕೆ. ವಾಪಸು ಬರುವಾಗ ಸೂಜಿ 6 ಡಿಗ್ರಿ ಪೂರ್ವಕ್ಕೆ ವಾಲುತ್ತದೆ. 90 ಕಂಡಾಗ ನಿಜವಾದ ದಿಕ್ಕು 96, ಅದೂ ದಕ್ಷಿಣಕ್ಕೇ. 12 ನಾಟಿಕಲ್ ಮೈಲಿ ಹೋಗಿ ಬಂದರೆ ಹೋಗುವಾಗ ಒಂದೂಕಾಲು ಮೈಲಿ, ಬರುವಾಗ ಒಂದೂಕಾಲು ಮೈಲಿ, ಒಟ್ಟು ಎರಡೂವರೆ. ನಾಲ್ಕೂವರೆ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಎರಡು ತಪ್ಪುಗಳು ಕಳೆದುಹೋಗುವುದಿಲ್ಲ, ಕೂಡಿಕೊಳ್ಳುತ್ತವೆ. ಅಳಿವೆ ಬಾಗಿಲು ಎಂದುಕೊಂಡು ಬಂದವನ ಎದುರು ಉಳ್ಳಾಲದ ಕಲ್ಲುಗಳಿರುತ್ತವೆ. ಕೈದಿಕ್ಸೂಚಿಯನ್ನು ಮರಳಿನ ಮೇಲೆ ತಿರುಗಿಸಿ ತೋರಿಸಿ ಇದನ್ನು ವಿವರಿಸಿದಾಗ ಮಾಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಆ ಹಲಗೆ ಬೇಡ," ಎಂದರು.

ಎಂಜಿನ್ನಿನಿಂದ ಒಂದೂವರೆ ಮೀಟರ್ ಮುಂದಿನ ಅಡ್ಡಹಲಗೆಯನ್ನು ಗುರುತು ಮಾಡಿದೆವು. ಕೂಡಲೇ ಇನ್ನೊಂದು ತಕರಾರು: "ಅಷ್ಟು ದೂರದ್ದು ನನಗೆ ಕಾಣಬೇಕಲ್ಲ ಮಾಷ್ಟ್ರೇ." ನ್ಯಾಯವಾದ ಮಾತು. ಯಾವ ಕಂಪಾಸ್ ಕೊಳ್ಳಬೇಕು ಎಂಬುದು ಈಗ ತಾನಾಗಿಯೇ ತೀರ್ಮಾನವಾಯಿತು. ಒಂದೂವರೆ ಮೀಟರ್ ದೂರದಿಂದ, ಉಪ್ಪುನೀರು ಎರಚಿದ ಕಣ್ಣಿಗೆ, ಮುಸ್ಸಂಜೆಯಲ್ಲಿ ಕಾಣಬೇಕಾದರೆ ಅಂಕಿ ಬರೆದ ತಟ್ಟೆ ಕನಿಷ್ಠ ನಾಲ್ಕು ಇಂಚು ಅಗಲ ಇರಬೇಕು. ಎರಡು ಇಂಚಿನ ಅಗ್ಗದ ಕಂಪಾಸ್ ಕೊಂಡಿದ್ದರೆ ಅದನ್ನು ಓದಲು ಹತ್ತಿರ ತರಬೇಕಾಗುತ್ತಿತ್ತು, ಹತ್ತಿರ ಅಂದರೆ ಎಂಜಿನ್ನಿನ ಪಕ್ಕಕ್ಕೆ.

ತಟ್ಟೆಯಲ್ಲಿ ಒಂದೊಂದು ಡಿಗ್ರಿಗೂ ಗೆರೆ ಬೇಕೆಂದು ಹುಡುಗರಿಗೆ ಆಸೆ. ಬೇಡವೆಂದೆ. ಸಣ್ಣ ದೋಣಿಗೆ 5 ಡಿಗ್ರಿಗೊಂದು ದಪ್ಪ ಗೆರೆ ಸಾಕು, ಕಿಕ್ಕಿರಿದ ಗೆರೆಗಳು ಅಲೆಯಲ್ಲಿ ಕಣ್ಣಿಗೆ ಮಂಜಾಗುತ್ತವೆ. 15ನೇ ಶತಮಾನದ ಅರಬ್ ನಾವಿಕ ಅಹ್ಮದ್ ಇಬ್ನ್ ಮಾಜಿದ್ ಅವರ ಕಾಲದವರು ದಿಗಂತವನ್ನು 32 ಭಾಗ ಮಾಡಿ, ನಕ್ಷತ್ರಗಳು ಹುಟ್ಟುವ, ಮುಳುಗುವ ಜಾಗಗಳ ಹೆಸರಿಟ್ಟು ಅರಬ್ಬಿ ಸಮುದ್ರ ದಾಟುತ್ತಿದ್ದರು. ಒಂದು ಭಾಗವೆಂದರೆ 11 ಡಿಗ್ರಿ ಚಿಲ್ಲರೆ. ದಿಕ್ಸೂಚಿಗೆ ಅವರ ಹೆಸರು 'ಬೈತುಲ್ ಇಬ್ರಾ', ಅಂದರೆ ಸೂಜಿಯ ಮನೆ. ಆ ಹೆಸರು ನನಗೆ ತುಂಬ ಇಷ್ಟ. ಸೂಜಿ ಮುಖ್ಯವೇ, ಆದರೆ ಅದನ್ನು ಎಂಥ ಮನೆಯಲ್ಲಿ ಇಟ್ಟಿದ್ದೇವೆ ಎಂಬುದೂ ಅಷ್ಟೇ ಮುಖ್ಯ.

ನಿಮ್ಮಲ್ಲಿ ಹಲವರ ಮನೆಯಲ್ಲಿ ಕಿಬ್ಲಾ ದಿಕ್ಸೂಚಿ ಇರುತ್ತದೆ. ಮಕ್ಕಾ ಇಲ್ಲಿಂದ ನೇರ ಪಶ್ಚಿಮಕ್ಕಲ್ಲ, ಪಶ್ಚಿಮದಿಂದ ಹತ್ತೊಂಬತ್ತು ಡಿಗ್ರಿಯಷ್ಟು ಉತ್ತರಕ್ಕೆ ಎಂದು ಅದರಿಂದಲೇ ಕಲಿತಿದ್ದೀರಿ. ಅದನ್ನೇ ದೋಣಿಗೆ ಹಾಕಬಾರದೇ ಎಂದು ಒಬ್ಬ ಕೇಳಿದ. ಅದರೊಳಗಿನ ವಿಜ್ಞಾನ ಇದೇ, ಆದರೆ ಅದು ಸ್ಥಿರವಾದ ನೆಲದ ಮೇಲೆ ಇಟ್ಟು ನೋಡಲು ಮಾಡಿದ್ದು. ಒಳಗೆ ಗಾಳಿ ಮಾತ್ರ ಇರುವ ಪೆಟ್ಟಿಗೆಯಲ್ಲಿ ಸೂಜಿ ಅಲೆಯ ಪ್ರತಿ ಕುಲುಕಿಗೂ ಸುತ್ತುತ್ತದೆ. ದೋಣಿಯ ದಿಕ್ಸೂಚಿಯಲ್ಲಿ ಎಣ್ಣೆಯಂಥ ದ್ರವ ತುಂಬಿರುತ್ತದೆ. ತಟ್ಟೆ ಅದರಲ್ಲಿ ತೇಲುತ್ತ ನಿಧಾನವಾಗಿ ತಿರುಗುತ್ತದೆ. ನೀವು ಓದಿದ 'ಡ್ಯಾಂಪಿಂಗ್' ಇದೇ. ಗಾಜು ಅರ್ಧಗೋಳದಂತಿದ್ದು, ದೋಣಿ ವಾಲಿದರೂ ತಟ್ಟೆ ಮಟ್ಟವಾಗಿ ಉಳಿಯುವ ವ್ಯವಸ್ಥೆ ಇರುತ್ತದೆ. ಎದುರಿಗೆ ಒಂದು ಸ್ಥಿರ ಗೆರೆ ಇರುತ್ತದೆ, ಇದಕ್ಕೆ ಲಬ್ಬರ್ ಲೈನ್ ಎಂದು ಹೆಸರು. ಆ ಗೆರೆಯೇ ದೋಣಿಯ ಮೂತಿ. ಗೆರೆಯ ಎದುರು ಯಾವ ಸಂಖ್ಯೆ ನಿಂತಿದೆಯೋ ಅದೇ ದೋಣಿಯ ದಿಕ್ಕು.

ಅಂಗಡಿಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ದಿಕ್ಸೂಚಿಯನ್ನು ಕಬ್ಬಿಣದ ಕಪಾಟುಗಳಿಂದ ದೂರ, ಅಂಗಡಿಯ ಹೊರಗೆ ತನ್ನಿ. ಅಲ್ಲಾಡದಂತೆ ಇಟ್ಟು ಸಂಖ್ಯೆ ಓದಿ. ಒಂದು ಕೀಲಿಕೈಯನ್ನೋ ಸಣ್ಣ ಕಾಂತವನ್ನೋ ಹತ್ತಿರ ತಂದು ತಟ್ಟೆಯನ್ನು ಸ್ವಲ್ಪ ತಿರುಗಿಸಿ, ದೂರ ಒಯ್ಯಿರಿ. ತಟ್ಟೆ ಅದೇ ಸಂಖ್ಯೆಗೆ ಬಂದು ನಿಲ್ಲಬೇಕು. ಇನ್ನೊಂದು ಬದಿಯಿಂದಲೂ ಹಾಗೇ ಮಾಡಿ. ಒಂದು ಸಲ ಒಂದು ಕಡೆ, ಇನ್ನೊಂದು ಸಲ ಇನ್ನೊಂದು ಕಡೆ ನಿಂತರೆ ಒಳಗಿನ ಮೊನೆ ಸವೆದಿದೆ ಎಂದರ್ಥ, ಅಂಥದ್ದು ಬೇಡ. ತಟ್ಟೆ ಓರೆಯಾಗಿ ಕೂತಿದ್ದರೂ ಬೇಡ. ಕ್ಷೇತ್ರ ನೆಲದೊಳಕ್ಕೆ ಬಾಗಿರುವ ಉತ್ತರದ ದೇಶಗಳಿಗಾಗಿ ತೂಕ ಹೊಂದಿಸಿದ ದಿಕ್ಸೂಚಿ ನಮ್ಮಲ್ಲಿ ದಕ್ಷಿಣದ ತುದಿ ತಗ್ಗಿಸಿ ನಿಲ್ಲುತ್ತದೆ. ದ್ರವದೊಳಗೆ ದೊಡ್ಡ ಗುಳ್ಳೆ ಕಂಡರೆ ಸೋರಿಕೆ ಇದೆ. ಬೆಲೆಯ ಬಗ್ಗೆ ನಾನೇನೂ ಹೇಳುವುದಿಲ್ಲ. ಮನೆಯವರು ಲೈಫ್ ಜಾಕೆಟಿಗೆ ಖರ್ಚು ಮಾಡಿದ ಮೇಲೆ ಉಳಿದದ್ದರಲ್ಲಿ ಇದು ಎಂಬುದು ನನ್ನ ಅಭಿಪ್ರಾಯ.

ಕೂರಿಸುವ ಕೆಲಸ ಮುಂದಿನ ಶುಕ್ರವಾರಕ್ಕೆ. ಸ್ಕ್ರೂಗಳು ಹಿತ್ತಾಳೆಯವು. ಸ್ಟೀಲ್ ಸ್ಕ್ರೂ ತುಕ್ಕು ಹಿಡಿಯುವುದಿಲ್ಲ ಎಂದು ಅಂಗಡಿಯವರು ಕೊಡುತ್ತಾರೆ, ತುಕ್ಕು ಹಿಡಿಯದಿದ್ದರೂ ಕೆಲವು ಸ್ಟೀಲ್ ಸ್ವಲ್ಪ ಕಾಂತಗುಣ ತೋರಿಸುತ್ತವೆ. ಸಂಶಯವಿದ್ದರೆ ಸ್ಕ್ರೂವನ್ನೇ ದಿಕ್ಸೂಚಿಯ ಹತ್ತಿರ ಹಿಡಿದು ನೋಡಿ, ಉತ್ತರ ಅದೇ ಹೇಳುತ್ತದೆ. ಲಬ್ಬರ್ ಲೈನ್ ದೋಣಿಯ ನಡುಗೆರೆಗೆ ಸಮಾಂತರವಾಗಿರಬೇಕು. ಇದಕ್ಕೆ ಮತ್ತೆ ಅದೇ ನೂಲು. ಒಂದು ಮೀಟರ್ ಉದ್ದಕ್ಕೆ 17 ಮಿಲಿಮೀಟರ್ ಓರೆಯಾದರೆ ಒಂದು ಡಿಗ್ರಿ ತಪ್ಪು. ಈ ತಪ್ಪು ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಇರುವುದರಿಂದ ಆಮೇಲೆ ಪತ್ತೆ ಹಚ್ಚುವುದು ಕಷ್ಟ, ಆದ್ದರಿಂದ ಮೊದಲೇ ಎರಡು ಸಲ ಅಳೆದೆವು. ಬಲೆ ಎಳೆಯುವಾಗ ಹಗ್ಗ ಸಿಕ್ಕಿಕೊಳ್ಳದಂತೆ ಸುತ್ತ ಮರದ ಚೌಕಟ್ಟು ಬೇಕೆಂದು ಮಾಮ ಹೇಳಿದರು, ಅದು ನಮಗೆ ಹೊಳೆದೇ ಇರಲಿಲ್ಲ. ಚೌಕಟ್ಟನ್ನು ಮೊಳೆ ಹೊಡೆಯದೆ ಅಂಟಿನಿಂದ ಜೋಡಿಸಿದೆವು. ಮೇಲೊಂದು ಬಟ್ಟೆಯ ಮುಸುಕು. ಬಿಸಿಲಿಗೆ ಆ ಪಾರದರ್ಶಕ ಗೋಳ ಹಳದಿಯಾಗುತ್ತದೆ.

ಆಮೇಲೆ ನಿಜವಾದ ಪರೀಕ್ಷೆ, ನೀರಿನ ಮೇಲೆ. ಹಡಗಿನವರು ಇದನ್ನು ದಿಕ್ಸೂಚಿ ಸುತ್ತಿಸುವುದು ಎನ್ನುತ್ತಾರೆ. ಕಬ್ಬಿಣದ ಹಡಗುಗಳು ಬಂದ ಕಾಲದಲ್ಲಿ ಇದು ಜೀವನ್ಮರಣದ ಪ್ರಶ್ನೆಯಾಗಿತ್ತು. 1838ರಲ್ಲಿ ಖಗೋಳವಿಜ್ಞಾನಿ ಜಾರ್ಜ್ ಏರಿ 'ರೇನ್‌ಬೋ' ಎಂಬ ಕಬ್ಬಿಣದ ಹಡಗನ್ನು ಹೀಗೆ ಸುತ್ತಿಸಿ ಅಳೆದು, ದಿಕ್ಸೂಚಿಯ ಬಳಿ ಸರಿಯಾದ ಜಾಗದಲ್ಲಿ ಕಾಂತಗಳನ್ನು ಇಟ್ಟು ವಿಚಲನೆ ತಗ್ಗಿಸುವ ವಿಧಾನ ರೂಪಿಸಿದರು. ಇಂದಿನ ಒಳ್ಳೆಯ ದೋಣಿ ದಿಕ್ಸೂಚಿಗಳಲ್ಲಿ ತಳದಲ್ಲೇ ತಿರುಗಿಸಬಹುದಾದ ಎರಡು ಪುಟ್ಟ ಕಾಂತಗಳಿರುತ್ತವೆ, ಏರಿಯ ಕೆಲಸದ ವಂಶಸ್ಥರು. ಅವನ್ನು ತಿರುಗಿಸುವ ಸ್ಕ್ರೂಡ್ರೈವರ್ ಹಿತ್ತಾಳೆಯದಾಗಿರಬೇಕು ಎಂದು ಬೇರೆ ಹೇಳಬೇಕಿಲ್ಲ.

ನಮ್ಮ ವಿಧಾನ ಹೀಗೆ. ಪ್ಲೈವುಡ್ ತುಂಡಿನ ಮೇಲೆ 0ರಿಂದ 360 ಡಿಗ್ರಿಯ ವೃತ್ತ ಬರೆದು, ನಡುವೆ ಹಿತ್ತಾಳೆ ಮೊಳೆಯ ಮೇಲೆ ತಿರುಗುವ ಮರದ ಕಡ್ಡಿ ಸಿಕ್ಕಿಸಿದೆವು. ಸೊನ್ನೆಯನ್ನು ದೋಣಿಯ ಮೂತಿಗೆ ಹೊಂದಿಸಿ ಇಟ್ಟೆವು. ಬೆಳಗ್ಗೆ ಗಾಳಿ ಏಳುವ ಮುಂಚೆ ಎರಡು ನದಿ ಕೂಡುವ ಅಗಲವಾದ ನೀರಿನಲ್ಲಿ, ದೂರದ ಗುಡ್ಡದ ಮೇಲಿನ ಒಂದು ಟವರನ್ನು ಗುರುತಾಗಿ ಇಟ್ಟುಕೊಂಡೆವು. ಗುರುತು ಐದು ಕಿಲೋಮೀಟರ್ ಆಚೆಗಿದ್ದರೆ, ದೋಣಿ 50 ಮೀಟರ್ ಅತ್ತಿತ್ತ ಸರಿದರೂ ಕೋನದ ವ್ಯತ್ಯಾಸ ಅರ್ಧ ಡಿಗ್ರಿಯಷ್ಟೇ. ಮಾಮ ದೋಣಿಯನ್ನು ಎಂಟು ದಿಕ್ಕಿಗೆ ಒಂದೊಂದಾಗಿ ತಿರುಗಿಸಿ ಹಿಡಿದರು. ಪ್ರತಿ ಸಲವೂ ಒಬ್ಬ ದಿಕ್ಸೂಚಿ ಓದಿದ, ಒಬ್ಬ ಕಡ್ಡಿಯಿಂದ ಟವರಿಗೆ ಗುರಿ ಹಿಡಿದ, ಒಬ್ಬ ಬರೆದುಕೊಂಡ. ದಿಕ್ಸೂಚಿಯ ಸಂಖ್ಯೆಗೆ ಕಡ್ಡಿಯ ಕೋನ ಕೂಡಿಸಿದರೆ (360 ದಾಟಿದರೆ ಅಷ್ಟನ್ನು ಕಳೆದರೆ) ಟವರಿನ ದಿಕ್ಕು ಸಿಗುತ್ತದೆ. ಟವರು ಎಲ್ಲಿಗೂ ಹೋಗುವುದಿಲ್ಲವಾದ್ದರಿಂದ ಎಂಟೂ ಸಲ ಒಂದೇ ಉತ್ತರ ಬರಬೇಕು. ಎಂಟರ ಸರಾಸರಿ ತೆಗೆದು, ಪ್ರತಿಯೊಂದು ಅದರಿಂದ ಎಷ್ಟು ಬೇರೆಯಾಗಿದೆ ಎಂದು ನೋಡಿದರೆ ಆಯಾ ದಿಕ್ಕಿನ ವಿಚಲನೆ ತಿಳಿಯುತ್ತದೆ. ಸರಾಸರಿಯನ್ನು ನಕ್ಷೆಯಲ್ಲಿ ಅಳೆದ ದಿಕ್ಕಿನೊಂದಿಗೆ ಹೋಲಿಸಿದರೆ ಲಬ್ಬರ್ ಲೈನ್ ಓರೆಯಾಗಿದೆಯೇ ಎಂಬುದೂ ಹೊರಬರುತ್ತದೆ. ಎಂಜಿನ್ ಓಡುತ್ತಿರುವಾಗಲೇ, ದೀಪ ಹಾಕಿಯೇ ಇದನ್ನು ಮಾಡಬೇಕು. ಕಡಲಲ್ಲಿ ಇರುವಂತೆಯೇ ದೋಣಿ ಇಲ್ಲೂ ಇರಬೇಕು.

ಮೊದಲ ಸುತ್ತಿನಲ್ಲಿ ಈಶಾನ್ಯ ಮತ್ತು ಪೂರ್ವದಲ್ಲಿ ನಾಲ್ಕೈದು ಡಿಗ್ರಿ ಬಂತು. ಎಂಜಿನ್ ದೂರವಿದೆ, ತಂತಿ ಹೊಸೆದಿದೆ, ಮತ್ತೇನು? ದಿಕ್ಸೂಚಿಯ ಹಲಗೆಯ ಕೆಳಗೆ ಕೈ ಹಾಕಿದ ಹುಡುಗ ಒಂದು ಕಬ್ಬಿಣದ ಸಣ್ಣ ಲಂಗರನ್ನು ಎಳೆದು ತೆಗೆದ. ಅದು ಯಾವಾಗಲೂ ಇರುವ ಜಾಗ ಅದೇ. ಲಂಗರನ್ನು ಮೂತಿಗೆ ಸಾಗಿಸಿ ಇನ್ನೊಂದು ಸುತ್ತು ಹಾಕಿದಾಗ ಎಲ್ಲ ದಿಕ್ಕಿನಲ್ಲೂ ಎರಡು ಡಿಗ್ರಿಯ ಒಳಗೆ ಬಂತು. ಅದಕ್ಕಿಂತ ಒಳ್ಳೆಯದು ನಮಗೆ ಬೇಕಿರಲಿಲ್ಲ. ಕಾಂತಗಳನ್ನು ತಿರುಗಿಸುವ ಗೋಜಿಗೆ ಹೋಗಲಿಲ್ಲ. ಕತ್ತಿ, ಸ್ಪ್ಯಾನರ್, ಫೋನ್ ಮೂರೂ ದಿಕ್ಸೂಚಿಯಿಂದ ಒಂದು ಮೀಟರ್ ದೂರ ಇರಬೇಕು ಎಂದು ಮಾಮನೇ ತನ್ನ ಜೊತೆಯವರಿಗೆ ಹೇಳಿದರು.

ವಾಪಸು ಬರುವಾಗ ಅವರು ಹೇಳಿದ ಒಂದು ಮಾತು ನಿಮಗೂ ತಿಳಿದಿರಲಿ. ಏನೂ ಕಾಣದಾಗ ಅವರು ಎಂದೂ ಅಳಿವೆಗೇ ನೇರ ಗುರಿ ಹಿಡಿಯುವುದಿಲ್ಲವಂತೆ, ಬೇಕೆಂದೇ ಸ್ವಲ್ಪ ಉತ್ತರಕ್ಕೆ, ಬೆಂಗ್ರೆಯ ನೇರಕ್ಕೆ ಬರುತ್ತಾರಂತೆ. ನೇರ ಗುರಿ ಹಿಡಿದು ತಪ್ಪಿದರೆ ದಡ ಕಂಡಾಗ ಅಳಿವೆ ಎಡಕ್ಕೋ ಬಲಕ್ಕೋ ಗೊತ್ತಾಗುವುದಿಲ್ಲ. ಉತ್ತರಕ್ಕೇ ಬಂದಿದ್ದೇವೆಂದು ಖಾತ್ರಿಯಿದ್ದರೆ ಬಲಕ್ಕೆ ತಿರುಗಿದರಾಯಿತು. ಹಡಗು ನಡೆಸುವ ಪುಸ್ತಕಗಳಲ್ಲೂ ಇದೇ ಉಪಾಯ ಇದೆ, ಮಾಮ ಅದನ್ನು ತನ್ನ ಬಾಪನಿಂದ ಕಲಿತದ್ದು. ಈ ಉಪಾಯ ಫಲಿಸಬೇಕಾದರೆ ಬೇಕೆಂದೇ ಬಿಟ್ಟ ಅಂತರವು ದಿಕ್ಸೂಚಿಯ ತಪ್ಪಿಗಿಂತ ದೊಡ್ಡದಿರಬೇಕು. ಎರಡು ಮೈಲಿ ಉತ್ತರಕ್ಕೆ ಗುರಿ ಹಿಡಿದವನನ್ನು ದಿಕ್ಸೂಚಿ ಎರಡೂವರೆ ಮೈಲಿ ದಕ್ಷಿಣಕ್ಕೆ ಎಳೆದರೆ, ಅವನು ಅಳಿವೆಯ ದಕ್ಷಿಣದಲ್ಲಿ ನಿಂತು ಇನ್ನೂ ದಕ್ಷಿಣಕ್ಕೆ ತಿರುಗುತ್ತಾನೆ.

ಎಂಟು ದಿಕ್ಕಿನ ವಿಚಲನೆಯ ಪಟ್ಟಿಯನ್ನು ಲ್ಯಾಮಿನೇಟ್ ಮಾಡಿ ಚೌಕಟ್ಟಿಗೆ ಅಂಟಿಸಿದ್ದೇವೆ. ಎಂಜಿನ್ ಬದಲಿಸಿದರೆ, ವೈರ್‌ಲೆಸ್ ಸೆಟ್ಟೋ ಮೀನು ಹುಡುಕುವ ಯಂತ್ರವೋ ಹೊಸದಾಗಿ ಬಂದರೆ ಮತ್ತೆ ಸುತ್ತಿಸಬೇಕು, ಏನೂ ಬದಲಾಗದಿದ್ದರೂ ಮಳೆಗಾಲ ಮುಗಿದ ಮೇಲೆ ಒಮ್ಮೆ. ಆ ಪ್ಲೈವುಡ್ ವೃತ್ತ ಈಗ ನಮ್ಮ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ, ಕಿಟಕಿಯ ಪಕ್ಕದ ಕಪಾಟಿನ ಮೇಲಿದೆ. ಮನೆಯಲ್ಲಿ ದೋಣಿ ಇರುವವರು ಹೆಸರು ಬರೆಸಿ ಒಯ್ಯಬಹುದು. ಒಬ್ಬರಿಂದ ಆಗುವ ಕೆಲಸವಲ್ಲ, ಓದಲು, ಗುರಿ ಹಿಡಿಯಲು, ಬರೆಯಲು ಮೂವರು ಬೇಕು, ಜೊತೆಗೆ ದೋಣಿ ತಿರುಗಿಸಬಲ್ಲ ಹಿರಿಯರೊಬ್ಬರು. ಗುರುವಾರ ಹೇಳಿದರೆ ಇನ್ಶಾ ಅಲ್ಲಾಹ್ ಶುಕ್ರವಾರ ನಾನೂ ಬರುತ್ತೇನೆ. ನಡುವಿನ ಹಿತ್ತಾಳೆ ಮೊಳೆ ಮಾತ್ರ ಕಳೆಯಬೇಡಿ, ಅದರ ಜಾಗಕ್ಕೆ ಕಬ್ಬಿಣದ್ದು ಹೊಡೆಯಲೂ ಬೇಡಿ.